ಮಗಳ ಅರ್ಜಿಯಲ್ಲಿ ನನ್ನಪ್ಪ

ನನ್ನ ಮಗಳ ಮೇಲೆ ನನಗೆ ಹೊಟ್ಟೆಕಿಚ್ಚು ಇದೆ ಅಂತ ನನಗೆ ಗೊತ್ತಾದದ್ದು ಒಂದು ಭಾನುವಾರ ಬೆಳಿಗ್ಗೆ, ದೋಸೆ ಹೊಯ್ಯುತ್ತಿದ್ದಾಗ. ಅದಕ್ಕೆ ಮೊದಲೂ ಇದ್ದಿರಬಹುದು. ಆದರೆ ಅದಕ್ಕೆ ಆ ಹೆಸರು ಕೊಡುವ ಧೈರ್ಯ ನನಗೆ ಇರಲಿಲ್ಲ.

ನಾವಿರುವುದು ಕಡಲಾಚೆಯ ಪುಟ್ಟ ದ್ವೀಪದೇಶದ ಬುಕಿತ್ ಪಂಜಾಂಗ್‌ನಲ್ಲಿ, ಹನ್ನೊಂದನೆಯ ಮಹಡಿಯ ಫ್ಲ್ಯಾಟಿನಲ್ಲಿ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಕೆಳಗೆ ಎಲ್‌ಆರ್‌ಟಿ ಎಂಬ ಪುಟ್ಟ ರೈಲು ಆಟಿಕೆಯ ಹಾಗೆ ತಿರುಗುತ್ತಿರುತ್ತದೆ. ಮಗಳು ಮೂರನೆಯ ದೋಸೆಗೆ ತಟ್ಟೆ ಮುಂದೆ ಹಿಡಿದು, "ಅಮ್ಮ, ನಾನು ಮೆಡಿಕಲ್ ಸ್ಕೂಲ್‌ಗೆ ಅಪ್ಲೈ ಮಾಡ್ತಿದೀನಿ. ಅಮೆರಿಕಾದಲ್ಲಿ" ಎಂದಳು.

ಅವಳಿಗೆ ಆಗ ಇಪ್ಪತ್ನಾಲ್ಕು. ಜೂನಿಯರ್ ಕಾಲೇಜು ಮುಗಿದ ಮೇಲೆ ಇಲ್ಲಿಯ ಮೆಡಿಕಲ್ ಸೀಟಿಗೆ ಪ್ರಯತ್ನಿಸಿ ಸಿಗದೆ, ಜೀವವಿಜ್ಞಾನದಲ್ಲಿ ಡಿಗ್ರಿ ಮಾಡಿ, ಎರಡು ವರ್ಷದಿಂದ ಜುರಾಂಗ್ ವೆಸ್ಟ್‌ನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಅಸಿಸ್ಟೆಂಟ್ ಆಗಿದ್ದಳು. ಮೆಡಿಸಿನ್ನಿನ ಮಾತು ನಮ್ಮ ಮನೆಯಲ್ಲಿ ಮುಗಿದ ಕಥೆ ಎಂದೇ ನಾನು ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಮುಗಿದದ್ದು ನನಗೆ ಒಂದು ರೀತಿಯ ನೆಮ್ಮದಿಯನ್ನೇ ಕೊಟ್ಟಿತ್ತು. ಅವಳಿಗೂ ನನಗೂ ಇಬ್ಬರಿಗೂ ಸಿಗಲಿಲ್ಲ ಎನ್ನುವ ನೆಮ್ಮದಿ.

"ಡಿಓ ಸ್ಕೂಲ್, ಅಮ್ಮ. ಆಸ್ಟಿಯೋಪಥಿಕ್" ಎಂದಳು.

"ಮೂಳೆ ಡಾಕ್ಟರಾ?" ಎಂದರು ಪೇಪರ್ ಓದುತ್ತಿದ್ದ ನನ್ನ ಗಂಡ. ಅವರು ಮೈಸೂರಿನವರು, ಎಂಜಿನಿಯರ್. ಯಾವ ವಿಷಯವನ್ನೂ ಒಂದೇ ಪ್ರಶ್ನೆಯಲ್ಲಿ ಮುಗಿಸುವವರು.

"ಅಲ್ಲ ಲಾ ಅಪ್ಪ" ಎಂದಳು, ಇಲ್ಲಿಯವರ 'ಲಾ' ಸೇರಿಸಿ. "ಎಲ್ಲ ಡಾಕ್ಟರ್ ಥರಾನೇ. ಮೆಡಿಸಿನ್ ಬರೀಬಹುದು, ಸರ್ಜರಿ ಮಾಡಬಹುದು. ಎಕ್ಸ್‌ಟ್ರಾ ಅಂದ್ರೆ ಕೈಯಿಂದ ಟ್ರೀಟ್ ಮಾಡೋದು ಕಲಿಸ್ತಾರೆ. ಬೆನ್ನು, ಕತ್ತು, ಮಸಲ್ಸ್ ಎಲ್ಲ ಮುಟ್ಟಿ ನೋಡೋದು. ಈ ಸ್ಕೂಲ್ ಇರೋದು ಬೆಟ್ಟದ ಸಣ್ಣ ಊರಲ್ಲಿ. ಅವರು ಟ್ರೇನ್ ಮಾಡೋದೇ ಹಳ್ಳಿಗಳಿಗೆ ಹೋಗೋ ಫ್ಯಾಮಿಲಿ ಡಾಕ್ಟರ್ಸ್‌ನ."

ಮಗಳು ಹುಟ್ಟಿದ್ದು ಅಮೆರಿಕದಲ್ಲಿ, ನನ್ನ ಗಂಡನನ್ನು ಕಂಪನಿ ಎರಡು ವರ್ಷಕ್ಕೆ ಅಲ್ಲಿಗೆ ಕಳಿಸಿದ್ದಾಗ. ಅಲ್ಲಿ ಹುಟ್ಟಿದ್ದಕ್ಕೆ ಸಿಕ್ಕ ಪಾಸ್‌ಪೋರ್ಟು ಇಷ್ಟು ವರ್ಷ ಕಪಾಟಿನಲ್ಲಿ ಸುಮ್ಮನೆ ಕೂತಿತ್ತು. ಈಗ ಅದು ಎದ್ದು ನಿಂತಿತು.

ನಾನು ದೋಸೆ ತಿರುವಿ ಹಾಕಿದೆ. "ಇಲ್ಲಿಗೆ ವಾಪಸ್ ಬಂದು ಪ್ರಾಕ್ಟೀಸ್ ಮಾಡೋದು ಸುಲಭ ಇರಲ್ಲ, ಯೋಚನೆ ಮಾಡಿದ್ಯಾ?" ಎಂದೆ. ತಾಯಿ ಕೇಳಬೇಕಾದ ಪ್ರಶ್ನೆಯೇ. ಆದರೆ ನನ್ನ ಹೊಟ್ಟೆಯೊಳಗೆ ಎದ್ದದ್ದು ಚಿಂತೆಯಾಗಿರಲಿಲ್ಲ. 'ಇವಳಿಗೆ ಎರಡನೇ ಸಲವೂ ಬಾಗಿಲು ಇದೆಯಲ್ಲ' ಅಂತ ಉರಿ ಎದ್ದಿತ್ತು. ದೋಸೆ ಕರಕಾಯಿತು.

ನನ್ನ ವಿಷಯ ಹೇಳಬೇಕು. ನಾನು ಬೆಳೆದದ್ದು ರೋಣದ ಕಡೆಯ ಒಂದು ಹಳ್ಳಿಯ ಸರಕಾರಿ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ. ಊರಿನವರ ಬಾಯಲ್ಲಿ ಅದು 'ದವಾಖಾನಿ'. ಅಪ್ಪ ಅಲ್ಲಿ ಕಂಪೌಂಡರ್. ಔಷಧ ಕಲಸಿ ಕೊಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಅವರ ಕೆಲಸ. ನಾನು ಡಾಕ್ಟರ್ ಆಗಬೇಕೆಂದು ಓದಿದೆ. ಪಿಯುಸಿ ಮುಗಿಸಿ ಸಿಇಟಿ ಬರೆದಾಗ ಬಂದ ರ‍್ಯಾಂಕಿಗೆ ಮೆಡಿಕಲ್ ಸಿಗುವ ಹಾಗಿರಲಿಲ್ಲ. ಇನ್ನೊಂದು ವರ್ಷ ಕೂತು ಬರೆಯುತ್ತೇನೆ ಎಂದು ಕೇಳಲು ಬಾಯಿ ಬರಲಿಲ್ಲ. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದೆ, ಮದುವೆಯಾದೆ, ಇಲ್ಲಿಗೆ ಬಂದೆ. ಇಪ್ಪತ್ತು ವರ್ಷದಿಂದ ಮನೆಯಲ್ಲೇ ಬಯಾಲಜಿ ಟ್ಯೂಷನ್ ಹೇಳುತ್ತೇನೆ. ನನ್ನ ಹತ್ತಿರ ಕಲಿತ ಎಷ್ಟೋ ಮಕ್ಕಳು ಈಗ ಡಾಕ್ಟರುಗಳು. ಅವರು ಸಿಹಿ ಡಬ್ಬಿ ಹಿಡಿದು ಬಂದಾಗ ನನಗೆ ಖುಷಿಯೇ ಆಗುತ್ತಿತ್ತು. ಅವರ ಮೇಲೆ ಒಂದು ದಿನವೂ ಹೊಟ್ಟೆ ಉರಿಯಲಿಲ್ಲ. ಅವರು ಪರರ ಮಕ್ಕಳು. ಅವರ ಅದೃಷ್ಟ ಅವರದು. ನನ್ನ ಹೊಟ್ಟೆಯಲ್ಲೇ ಹುಟ್ಟಿದವಳು ನನಗೆ ದಕ್ಕದ್ದನ್ನು ನನ್ನ ಅಡುಗೆಮನೆಯಲ್ಲೇ ನಿಂತು ಕೇಳಿದಾಗ ಮಾತ್ರ ಲೆಕ್ಕ ಬೇರೆಯಾಯಿತು.

ಪ್ರವೇಶ ಪರೀಕ್ಷೆಗೆ ಅವಳು ಓದತೊಡಗಿದಳು. ಸಂಜೆ ಕ್ಲಿನಿಕ್ಕಿನಿಂದ ಬಂದು, ನನ್ನ ಟ್ಯೂಷನ್ ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಓದುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಕೆಲಸಕ್ಕೆ ಹೋಗಿದ್ದಾಗ ಅವಳು ಆಗಲೇ ಬರೆದು ಮುಗಿಸಿದ್ದ ಮಾದರಿ ಪ್ರಶ್ನೆಪತ್ರಿಕೆಯೊಂದನ್ನು ತೆಗೆದುಕೊಂಡೆ. ಗಡಿಯಾರ ಎದುರಿಗಿಟ್ಟುಕೊಂಡು ಜೀವಶಾಸ್ತ್ರದ ಭಾಗವನ್ನು ಪೂರ್ತಿ ಬರೆದೆ. ಬಾಗಿಲು ಹಾಕಿದ್ದೆ, ಫೋನ್ ಎತ್ತಲಿಲ್ಲ. ಉತ್ತರ ನೋಡಿದರೆ ಅವಳಿಗಿಂತ ನಾಲ್ಕು ಹೆಚ್ಚು ಸರಿ ಬಂದಿತ್ತು. ಐವತ್ತು ದಾಟಿದ ಹೆಂಗಸು, ಮಗಳಿಗಿಂತ ನಾಲ್ಕು ಅಂಕ ಹೆಚ್ಚು ಬಂತೆಂದು ಒಬ್ಬಳೇ ಕೂತು ನಕ್ಕೆ. ಸಾಲದ್ದಕ್ಕೆ ಆ ಹಾಳೆಯನ್ನು ಅವಳ ಕಣ್ಣಿಗೆ ಬೀಳುವ ಹಾಗೆ ಮೇಜಿನ ಮೇಲೆ ಬಿಟ್ಟೆ.

ಅವಳು ನೋಡಿದಳು. "ವಾ, ಅಮ್ಮ! ಇದು ನೀನು ಮಾಡಿದ್ದಾ? ಸೋ ಗುಡ್! ಈ ಕಿಡ್ನಿ ಕ್ವೆಶ್ಚನ್ ನಂಗೆ ಎಕ್ಸ್‌ಪ್ಲೇನ್ ಮಾಡ್ತೀಯಾ, ಪ್ಲೀಸ್?"

ಅವಳಿಗೆ ಒಂದಿಷ್ಟೂ ನೋವಾಗಲಿಲ್ಲ. ಅದೇ ನನಗೆ ನೋವಾಯಿತು. ಗೆದ್ದದ್ದನ್ನು ತೋರಿಸಲು ಹೋದರೆ ಎದುರಾಳಿಯೇ ಇರಲಿಲ್ಲ.

ಅವಳ ಬಾಯಲ್ಲಿ ಆಗ ಇನ್ನೊಬ್ಬರ ಮಾತು ಹೆಚ್ಚಾಗಿತ್ತು. ಕ್ಲಿನಿಕ್ಕಿನ ಡಾಕ್ಟರದ್ದು. ಅವರು ಅರವತ್ತು ದಾಟಿದ ಚೀನೀ ಹೆಂಗಸು. ಸುತ್ತಲಿನ ಕಾರ್ಖಾನೆಗಳ ಕೆಲಸಗಾರರೇ ಅವರ ಹೆಚ್ಚಿನ ರೋಗಿಗಳು: ಬೆನ್ನು ಹಿಡಿದವರು, ಭುಜ ಎತ್ತಲಾಗದವರು. "ಡಾಕ್ ಏನ್ ಹೇಳ್ತಾರೆ ಗೊತ್ತಾ ಅಮ್ಮ", "ಡಾಕ್ ಇದ್ದಿದ್ರೆ ಹಿಂಗೆ ಮಾಡ್ತಿದ್ರು". ನಮ್ಮ ಮನೆಯ ಊಟದ ಮೇಜಿಗೆ ಆ ಹೆಂಗಸು ಕುರ್ಚಿ ಎಳೆದುಕೊಂಡು ಬಂದು ಕೂತ ಹಾಗಿತ್ತು. ಈ ಅರ್ಜಿಯ ಯೋಚನೆ ಕೊಟ್ಟವರೂ ಅವರೇ. ಶಿಫಾರಸು ಪತ್ರ ಬರೆಯುವವರೂ ಅವರೇ. ಇಪ್ಪತ್ತು ವರ್ಷ ಬೇರೆಯವರ ಮಕ್ಕಳಿಗೆ ದಾರಿ ತೋರಿಸಿದ ನನ್ನನ್ನು ನನ್ನ ಮಗಳು ದಾರಿ ಕೇಳಿರಲಿಲ್ಲ.

ಆಮೇಲೆ ಒಂದು ದಿನ ಕೇಳಿದಳು. ಅರ್ಜಿಯ ಜೊತೆಗೆ ಪ್ರಬಂಧ ಬರೆಯಬೇಕಿತ್ತು: ನೀನು ಯಾಕೆ ಡಾಕ್ಟರಾಗಬೇಕು, ಹಳ್ಳಿಯ ಜನರಿಗೂ ನಿನಗೂ ಏನು ಸಂಬಂಧ?

"ಅಮ್ಮ, ನಂಗೆ ಹಳ್ಳಿ ಅಂದ್ರೆ ರಜೆಯಲ್ಲಿ ನಾಲ್ಕು ದಿನ ಹೋಗಿದ್ದು ಅಷ್ಟೆ. ಅಜ್ಜನ ಹಾಸ್ಪಿಟಲ್ ಸ್ಟೋರಿ ಹೇಳು."

ಹೇಳಿದೆ. ನನಗೆ ಹನ್ನೊಂದು ವರ್ಷವಿದ್ದಾಗ ನಮ್ಮೂರ ಡಾಕ್ಟರಿಗೆ ವರ್ಗವಾಯಿತು. ಎಂಟು ತಿಂಗಳು ಬೇರೆ ಯಾರೂ ಬರಲಿಲ್ಲ. ಜನ ಮಾತ್ರ ಬರುವುದನ್ನು ಬಿಡಲಿಲ್ಲ. ಅಪ್ಪನಿಗೆ ರೋಗ ಇಂಥದ್ದೆಂದು ಹೇಳುವ ಅಧಿಕಾರವಿರಲಿಲ್ಲ. ಜ್ವರ, ಹೆರಿಗೆ, ಹಾವು ಕಡಿತ ಏನಿದ್ದರೂ ತಾಲೂಕಾಸ್ಪತ್ರೆಗೆ ಕಳಿಸುತ್ತಿದ್ದರು. ಬೆನ್ನು ನೋವು, ಕತ್ತು ನೋವು ಎಂದು ಬಂದವರನ್ನು ಮಾತ್ರ ಬೆಂಚಿನ ಮೇಲೆ ಕೂರಿಸಿ, ಬೆನ್ನ ಮೇಲೆ ಅಂಗೈ ಇಟ್ಟು, ಒಂದೇ ಪ್ರಶ್ನೆ ಕೇಳುತ್ತಿದ್ದರು.

"ನಿನ್ನಿ ಏನ್ ಹೊತ್ತಿದ್ದಿ ಯವ್ವಾ?"

"ಕಟಗಿ ಹೊರಿ ರೀ."

"ಯಾವ ಕಡೆ?"

ಅವರು ತೋರಿಸುತ್ತಿದ್ದರು. ಅಪ್ಪ ಅಲ್ಲಿ ಒತ್ತಿ, ಎಣ್ಣೆ ಕೊಟ್ಟು, "ಎಂಟ್ ದಿನ ಆ ಕಡೆ ಹೊರಬ್ಯಾಡ" ಎಂದು ಕಳಿಸುತ್ತಿದ್ದರು. ಎಷ್ಟೋ ಜನ ಅಷ್ಟಕ್ಕೇ ಹಗುರಾಗುತ್ತಿದ್ದರು. ಅವರ ಬೆನ್ನಿನ ಮೇಲಿದ್ದದ್ದನ್ನು ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಮಗಳು ಪೆನ್ನು ಕೆಳಗಿಟ್ಟಳು. "ಅಮ್ಮ, ದಟ್ ಈಸ್ ಇಟ್. ಇದೇ ನಂಗೆ ಬೇಕಾಗಿದ್ದು."

ನಾಲ್ಕು ದಿನದ ಮೇಲೆ ಪ್ರಬಂಧ ತಂದು ಕೊಟ್ಟಳು, ತಿದ್ದಿಕೊಡು ಎಂದು. ನಾನು ಕೆಂಪು ಪೆನ್ನು ತೆಗೆದುಕೊಂಡೆ. ಮೊದಲ ಸಾಲೇ ಅಪ್ಪನ ಪ್ರಶ್ನೆ. ಅಲ್ಲಿಂದ ಅವಳು ಜುರಾಂಗ್ ವೆಸ್ಟ್‌ಗೆ ಬಂದಿದ್ದಳು. ಭುಜ ನೋವಿನ ಕಾರ್ಖಾನೆ ಕೆಲಸಗಾರನಿಗೆ ಚೀಟಿ ಬರೆಯುವಾಗ ಅವಳೂ ಅದೇ ಪ್ರಶ್ನೆ ಕೇಳಿದ್ದಳಂತೆ. ಅವನು ದಿನವಿಡೀ ತಲೆಯ ಮೇಲೆ ಕೈ ಎತ್ತಿ ಪೈಪು ಹಿಡಿಯುತ್ತೇನೆ ಎಂದಿದ್ದನಂತೆ. ತಿದ್ದುವುದಕ್ಕೆ ಒಂದು ಪೂರ್ಣವಿರಾಮವೂ ಇರಲಿಲ್ಲ. ನನ್ನ ಅಪ್ಪ ಆ ಹಾಳೆಯಲ್ಲಿ ಬದುಕಿ ಕೂತಿದ್ದರು.

ನಾನು ಇರಲಿಲ್ಲ. ಆ ಬೆಂಚಿನ ಪಕ್ಕದಲ್ಲಿ ಎಂಟು ತಿಂಗಳು ನಿಂತಿದ್ದವಳು ನಾನು. ಯಾರಾದರೂ ಒಂದು ದಿನ ನನ್ನನ್ನು ಕೂರಿಸಿ 'ನೀನು ಯಾಕೆ ಡಾಕ್ಟರಾಗಬೇಕು' ಎಂದು ಕೇಳಿದ್ದರೆ ಇದನ್ನೇ ಹೇಳುತ್ತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ, ರ‍್ಯಾಂಕ್ ಒಂದೇ ಸಾಕಾಗಿತ್ತು. ಈಗ ನನ್ನ ಉತ್ತರವನ್ನು ಇವಳು ತನ್ನ ಪ್ರಶ್ನೆಗೆ ಬರೆದಿದ್ದಾಳೆ.

"ಹೇಗಿದೆ ಅಮ್ಮ?"

"ಚೆನ್ನಾಗಿದೆ. ಆದ್ರೆ ಅಜ್ಜನ ಪ್ಯಾರಾ ತೆಗೆದುಬಿಡು."

"ಯಾಕೆ?"

"ಕಂಪೌಂಡರ್ ಪೇಷೆಂಟ್ಸ್ ನೋಡೋದು ಇಲ್ಲೀಗಲ್ ಅಂದ್ಕೋತಾರೆ ಅವರು. ನಿಂಗೆ ರೂಲ್ಸ್ ಬಗ್ಗೆ ರೆಸ್ಪೆಕ್ಟ್ ಇಲ್ಲ ಅನ್ಸುತ್ತೆ. ಅದೂ ಅಲ್ದೆ ಸ್ವಲ್ಪ ಸಿನಿಮಾ ಥರ ಇದೆ."

ಅವಳು ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. "ಆರ್ ಯು ಶ್ಯೂರ್?"

"ಇಪ್ಪತ್ತು ವರ್ಷದಿಂದ ಎಸ್ಸೇ ತಿದ್ದಿದೀನಿ ಕಣೇ."

ಅವಳು ತೆಗೆದಳು. ಅದರ ಜಾಗದಲ್ಲಿ, ಜನಸೇವೆ ಮಾಡಬೇಕೆಂಬ ಆಸೆ ಚಿಕ್ಕಂದಿನಿಂದ ಇತ್ತು ಎಂಬಂಥ ಮಾತುಗಳನ್ನು ಬರೆದಳು. ನನ್ನ ಟ್ಯೂಷನ್ ಮಕ್ಕಳು ಬರೆದಿದ್ದರೆ ನಾನೇ ಅಡ್ಡಗೆರೆ ಎಳೆಯುತ್ತಿದ್ದಂಥ ಮಾತುಗಳು. ಅರ್ಜಿ ಹೋಯಿತು. ಅವತ್ತು ನನಗೆ ಪಶ್ಚಾತ್ತಾಪವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವತ್ತು ಅಕ್ಕಿ ರೊಟ್ಟಿ ಮಾಡಿದೆ, ಹಾಡಿಕೊಂಡು. ನನ್ನದು ನನ್ನ ಹತ್ತಿರವೇ ಉಳಿಯಿತು ಎಂಬ ಹಾಗೆ.

ಆಮೇಲೆ ಉತ್ತರಗಳು ಬರತೊಡಗಿದವು. ಅವಳು ಆರು ಕಡೆ ಅರ್ಜಿ ಹಾಕಿದ್ದಳು. ಒಂದಾದ ಮೇಲೊಂದು 'ವಿಷಾದಿಸುತ್ತೇವೆ' ಎಂದು ಬಂತು. ಮೊದಲನೆಯದಕ್ಕೆ ನಕ್ಕಳು, ಎರಡನೆಯದಕ್ಕೆ ಭುಜ ಕುಣಿಸಿದಳು. ನಾಲ್ಕನೆಯದು ಬಂದ ದಿನ ಊಟಕ್ಕೆ ಬರಲಿಲ್ಲ. ನನ್ನ ಗಂಡ, "ಸಿಗದಿದ್ರೆ ಬೇಡ ಬಿಡು, ನಿನ್ ಹಾಗೇ ಟೀಚಿಂಗ್‌ಗೆ ಹೋಗಲಿ" ಎಂದರು ನನಗೆ. 'ನಿನ್ ಹಾಗೇ' ಎನ್ನುವುದನ್ನು ಅವರು ಸಮಾಧಾನಕ್ಕೆ ಹೇಳಿದ್ದು.

ಆ ವಾರ ನಾನು ಜುರಾಂಗ್ ವೆಸ್ಟ್‌ಗೆ ಹೋದೆ. ಮಗಳಿಗೆ ರಜೆಯಿದ್ದ ಬುಧವಾರ ನೋಡಿಕೊಂಡೆ. ಬೋರ್ಡಿನ ಮೇಲೆ ಬರೆದು ಬರೆದು ನನ್ನ ಬಲ ಭುಜ ನೋಯುತ್ತಿದ್ದುದು ನಿಜ. ಆದರೆ ಅದಕ್ಕೆ ನಮ್ಮ ಬ್ಲಾಕಿನ ಕೆಳಗೇ ಕ್ಲಿನಿಕ್ ಇತ್ತು. ನಾನು ಹೋದದ್ದು ಆ ಹೆಂಗಸನ್ನು ನೋಡಲು. ಅವರಲ್ಲಿ ಏನಿದೆ ಅಂಥದ್ದು ಎಂದು ನೋಡಲು.

ಬಸ್ಸಿಳಿದು, ಬ್ಲಾಕಿನ ಕೆಳಗಿನ ಖಾಲಿ ವಾಯ್ಡ್ ಡೆಕ್ ದಾಟಿ, ಮೂಲೆಯ ಕ್ಲಿನಿಕ್ಕಿನಲ್ಲಿ ಟೋಕನ್ ತೆಗೆದುಕೊಂಡು ಕೂತೆ. ಸಣ್ಣ ಜಾಗ. ಗೋಡೆಯ ಬಣ್ಣ ಹಳೆಯದಾಗಿತ್ತು, ಕುರ್ಚಿಗಳು ತುಂಬಿದ್ದವು. ನನ್ನ ಸರದಿ ಬಂದು ಒಳಗೆ ಹೋದಾಗ ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. ಕುಳ್ಳನೆಯ ಹೆಂಗಸು, ಕತ್ತರಿಸಿದ ಬಿಳಿ ಕೂದಲು. ಕೈಗಳು ಮಾತ್ರ ದೊಡ್ಡವು. ಭುಜ ನೋವು ಎಂದೆ. ಎದ್ದು ಬಂದು ನನ್ನ ಹಿಂದೆ ನಿಂತು, ಹೆಬ್ಬೆರಳಿನಿಂದ ಭುಜದ ಮೂಳೆಯ ಅಂಚನ್ನು ನಿಧಾನವಾಗಿ ಹುಡುಕಿದರು. ಇಪ್ಪತ್ತು ವರ್ಷದಲ್ಲಿ ಇಲ್ಲಿಯ ಯಾವ ಡಾಕ್ಟರೂ ನನ್ನನ್ನು ಅಷ್ಟು ಹೊತ್ತು ಮುಟ್ಟಿ ನೋಡಿರಲಿಲ್ಲ.

"ಟೀಚರಾ?" ಎಂದರು ಇಂಗ್ಲಿಷಿನಲ್ಲಿ.

"ಹೇಗೆ ಗೊತ್ತಾಯಿತು?"

"ಬೋರ್ಡಿನ ಭುಜ ಇದು. ಅದೂ ಅಲ್ಲದೆ ನಿಮ್ಮ ಹಣೆ ನಿಮ್ಮ ಮಗಳದ್ದೇ ಲಾ."

ಸಿಕ್ಕಿಬಿದ್ದೆ. ಅವರು ನಗಲಿಲ್ಲ, ಯಾಕೆ ಬಂದಿರಿ ಎಂದೂ ಕೇಳಲಿಲ್ಲ. ಭುಜವನ್ನು ಒತ್ತುತ್ತಲೇ, "ನಿಮ್ಮ ಹತ್ತಿರ ಒಂದು ಮಾತು ಕೇಳಬೇಕೂಂತ ಇದ್ದೆ" ಎಂದರು. "ಅವಳ ಪ್ರಬಂಧದಿಂದ ತಾತನ ಕಥೆ ಯಾಕೆ ತೆಗೆಸಿದಿರಿ? ಅವಳು ಬರೆದದ್ದರಲ್ಲಿ ಅದೊಂದೇ ನಿಜವಾಗಿ ಅವಳದು. ಇಟ್ಟುಕೋ ಎಂದು ನಾನು ಮೂರು ಸಲ ಹೇಳಿದೆ. ಕೇಳಲಿಲ್ಲ."

"ಅವಳೇನಂದಳು?"

"'ಡಾಕ್, ನನ್ನಮ್ಮ ಇಪ್ಪತ್ತು ವರ್ಷದಿಂದ ಪ್ರಬಂಧ ತಿದ್ದುತ್ತಿದ್ದಾಳೆ. ಅವಳಿಗೆ ಗೊತ್ತಿರುತ್ತದೆ' ಅಂದಳು."

ಅವರ ಕೈ ನನ್ನ ಭುಜದ ಮೇಲೇ ಇತ್ತು. ಭುಜ ಬಿಗಿದದ್ದು ಅವರಿಗೆ ಗೊತ್ತಾಗಿಯೇ ಇರಬೇಕು. ಇಷ್ಟು ತಿಂಗಳು ನನ್ನ ಮಗಳು ನನಗಿಂತ ಹೆಚ್ಚಾಗಿ ಇವರ ಮಾತು ಕೇಳುತ್ತಾಳೆ ಎಂದು ಕುದಿಯುತ್ತಿದ್ದೆ. ಅವಳು ಇವರ ಮಾತು ಬಿಟ್ಟು ನನ್ನ ಮಾತು ಕೇಳಿದ್ದಳು, ಅದೂ ನಾನು ಸುಳ್ಳು ಹೇಳಿದ ಒಂದೇ ಒಂದು ಸಲ.

ನೋವಿನ ಮುಲಾಮು ತೆಗೆದುಕೊಂಡು ಮನೆಗೆ ಬಂದೆ. ಮಗಳು ಹಾಸಿಗೆಯ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಬಾಗಿಲಲ್ಲೇ ನಿಂತು ಹೇಳಿದೆ. ಒಳಗೆ ಹೋಗಿ ಕೂತರೆ ಬಾಯಿ ಬರುವುದಿಲ್ಲ ಎಂದು ಗೊತ್ತಿತ್ತು.

"ಅಜ್ಜನ ಪ್ಯಾರಾ ಚೆನ್ನಾಗೇ ಇತ್ತು. ತೆಗೆಯೋ ಕಾರಣ ಏನೂ ಇರ್ಲಿಲ್ಲ. ನಾನು ಸುಳ್ಳು ಹೇಳಿದೆ."

ಅವಳು ತಲೆಯೆತ್ತಿದಳು. "ವಾಟ್? ಯಾಕೆ?"

"ಹೊಟ್ಟೆಕಿಚ್ಚು."

ಅವಳಿಗೆ ಅರ್ಥವಾಗಲಿಲ್ಲ. ಹುಬ್ಬು ಗಂಟಿಕ್ಕಿ, "ಹೊಟ್ಟೆಕಿಚ್ಚು ಅಂದ್ರೆ? ಆಸಿಡಿಟಿನಾ?" ಎಂದಳು.

ಕನ್ನಡದಲ್ಲಿ ಹೇಳಿ ಪಾರಾಗಬಹುದೆಂದು ಅಂದುಕೊಂಡಿದ್ದೆ. ಅದನ್ನು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಬೇಕಾಯಿತು. "ಜೆಲಸ್. ನಿನ್ನ ಮೇಲೆ."

ಮಡಚುತ್ತಿದ್ದ ಅಂಗಿಯನ್ನು ಅವಳು ಕೆಳಗಿಟ್ಟಳು. "ಅಮ್ಮಂದಿರು ಮಕ್ಕಳ ಮೇಲೆ ಜೆಲಸ್ ಆಗಲ್ಲ."

"ಆಗ್ತಾರೆ. ನಂಗೂ ಗೊತ್ತಿರ್ಲಿಲ್ಲ."

"ನಾಲ್ಕು ಕಡೆ ರಿಜೆಕ್ಟ್ ಆಯ್ತು ಅಮ್ಮ. ನಾಲ್ಕು! ನಾನು ನನ್ನಲ್ಲೇ ಏನೋ ಕಮ್ಮಿ ಇದೆ ಅಂದ್ಕೊಂಡಿದ್ದೆ." ಅವಳ ದನಿ ಒಡೆಯಿತು. "ನಿಂಗೆ ಬೇಜಾರಿದ್ರೆ ಹೇಳಬಹುದಿತ್ತು. ನನ್ನ ಎಸ್ಸೇನ ಯಾಕೆ ಹಾಳು ಮಾಡಿದೆ?"

ಅವಳು ಎದ್ದು ಬಂದು ಬಾಗಿಲು ಹಾಕಿಕೊಂಡಳು, ಸದ್ದಿಲ್ಲದೆ. ಬಡಿದು ಹಾಕಿದ್ದರೆ ಒಳ್ಳೆಯದಿತ್ತು.

ಹತ್ತು ಹನ್ನೆರಡು ದಿನ ಅವಳು ನನ್ನ ಜೊತೆ ಮಾತಾಡಿದ್ದು 'ಓಕೆ' ಮತ್ತು 'ಲೇಟರ್' ಎರಡೇ. ನನ್ನ ಗಂಡನಿಗೂ ಹೇಳಿದೆ. "ನೀನು ಇಷ್ಟು ವರ್ಷ ಅದನ್ನ ಮನಸ್ಸಲ್ಲಿ ಇಟ್ಕೊಂಡಿದ್ಯಾ? ನಂಗೆ ಗೊತ್ತೇ ಇರ್ಲಿಲ್ಲ" ಎಂದರು. ಮರುದಿನದಿಂದ ಪಾತ್ರೆ ಅವರೇ ತೊಳೆದರು.

ಆ ಮೌನದ ನಡುವೆಯೇ ಇಮೇಲ್ ಬಂತು. ಬೆಟ್ಟದ ಊರಿನ ಆ ಶಾಲೆ, ಅವಳು ಮೊದಲು ಹೇಳಿದ್ದೇ, ಸಂದರ್ಶನಕ್ಕೆ ಕರೆದಿತ್ತು. ಪ್ರಬಂಧ ಸಪ್ಪೆಯಿದ್ದರೂ ಡಾಕ್ಟರ ಪತ್ರ ಕೆಲಸ ಮಾಡಿತ್ತೋ ಏನೋ. ವಿಡಿಯೊದಲ್ಲಿ ಸಂದರ್ಶನ. ಅವರ ಸಂಜೆ ಎಂದರೆ ನಮಗೆ ಬೆಳಗಿನ ಐದು ಗಂಟೆ. ಸುದ್ದಿಯನ್ನು ಅವಳು ತಂದೆಗೆ ಹೇಳಿದಳು, ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ. ಆಗಲೂ ಹೊಟ್ಟೆಯಲ್ಲಿ ಮೊದಲು ಎದ್ದದ್ದು ಖುಷಿಯಲ್ಲ. ಡಾಕ್ಟರ ಪತ್ರ ಗೆದ್ದಿತಲ್ಲ ಎಂಬ ಉರಿ. ತಪ್ಪೊಪ್ಪಿಕೊಂಡರೆ ಹೊಟ್ಟೆಕಿಚ್ಚು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಸಂದರ್ಶನದ ಹಿಂದಿನ ದಿನ ಸಂಜೆ, ಟ್ಯೂಷನ್ ಮಕ್ಕಳು ಹೋದ ಮೇಲೆ, ಅವಳು ಬಂದು ಮೇಜಿನ ಆ ತುದಿಯಲ್ಲಿ ಕೂತಳು. ನನ್ನ ಮುಖ ನೋಡದೆ ಕೇಳಿದಳು.

"ಅಜ್ಜ ಪೇಷೆಂಟ್ಸ್‌ನ ನೋಡೋವಾಗ ನೀನು ಎಲ್ಲಿರ್ತಿದ್ದೆ?"

ಆ ಪ್ರಶ್ನೆಯನ್ನು ನನ್ನ ಇಡೀ ಬದುಕಿನಲ್ಲಿ ಯಾರೂ ಕೇಳಿರಲಿಲ್ಲ.

"ಪಕ್ಕದಲ್ಲೇ. ರಿಜಿಸ್ಟರ್ ಬರೀತಿದ್ದೆ."

"ಏನ್ ಬರೀತಿದ್ದೆ?"

ಅಪ್ಪನ ಅಕ್ಷರ ಕೆಟ್ಟದ್ದು. ಶಾಲೆಗೆ ಹೋಗುವ ಮುಂಚೆ ಒಂದು ಗಂಟೆ ರೋಗಿಗಳ ಪುಸ್ತಕ ಬರೆಯುವ ಕೆಲಸ ನನ್ನದಾಗಿತ್ತು. ಹೆಸರು, ವಯಸ್ಸು, ಊರು, ತಕರಾರು. ನಮ್ಮ ಕಡೆ ರೋಗಿ ಹೇಳುವ ತೊಂದರೆಗೆ ತಕರಾರು ಎಂದೇ ಬರೆಯುತ್ತಿದ್ದೆವು. ಅಪ್ಪ ಕೇಳಿದ ಪ್ರಶ್ನೆಗೆ ಬಂದ ಉತ್ತರಕ್ಕೆ ಮಾತ್ರ ಅದರಲ್ಲಿ ಜಾಗವಿರಲಿಲ್ಲ. ಅದನ್ನು ನಾನೇ ಅಂಚಿನಲ್ಲಿ ಸಣ್ಣದಾಗಿ ಬರೆದಿಡತೊಡಗಿದೆ. ಕಟ್ಟಿಗೆ. ನೀರು. ಜೋಳದ ಚೀಲ. ಕೂಸು. ಒಂದು ಸಲ ತಪಾಸಣೆಗೆ ಬಂದ ಸಾಹೇಬರು ಸರಕಾರಿ ಪುಸ್ತಕ ಹಾಳು ಮಾಡಿದ್ದೀಯ ಎಂದು ಅಪ್ಪನನ್ನು ಬೈದರು. ಎಂಟು ತಿಂಗಳ ಮೇಲೆ ಹೊಸ ಡಾಕ್ಟರು ಬಂದರು, ಒಬ್ಬ ಹೆಂಗಸು. ಅವರು ಮೊದಲ ದಿನ ಆ ಪುಸ್ತಕ ತಿರುವಿ, ಅಂಚನ್ನು ಓದುತ್ತ ಓದುತ್ತ ನಿಂತೇಬಿಟ್ಟರು. ಇದನ್ನು ಬರೆದವರು ಯಾರು ಎಂದು ಕೇಳಿದರು. ಅಪ್ಪ ನನ್ನನ್ನು ಮುಂದೆ ತಳ್ಳಿದರು. "ನೀನು ಡಾಕ್ಟರ್ ಆಗಬೇಕು" ಎಂದರು ಆ ಡಾಕ್ಟರು.

ಇದನ್ನು ನಾನು ಗಂಡನಿಗೂ ಹೇಳಿರಲಿಲ್ಲ. ಹೇಳಿದರೆ, ಮತ್ತೆ ಯಾಕೆ ಆಗಲಿಲ್ಲ ಎನ್ನುವ ಪ್ರಶ್ನೆ ಬರುತ್ತಿತ್ತು. ಈಗ ಮಗಳಿಗೆ ಹೇಳುವಾಗ ಒಂದೊಂದು ಮಾತೂ ನನ್ನಿಂದ ಕಿತ್ತು ಕೊಟ್ಟ ಹಾಗಾಗುತ್ತಿತ್ತು. ಕೊಟ್ಟದ್ದು ಅವಳದಾಗುತ್ತದೆ, ನನಗೆ ವಾಪಸ್ ಬರುವುದಿಲ್ಲ ಎಂದು ಗೊತ್ತಿದ್ದೂ ಹೇಳಿದೆ. ಅವಳು ಬರೆದುಕೊಳ್ಳಲಿಲ್ಲ, ಸುಮ್ಮನೆ ಕೇಳಿದಳು. ಕೊನೆಗೆ, "ನಾಳೆ ಬೆಳಿಗ್ಗೆ ನೀವಿಬ್ರೂ ಮನೇಲಿ ಇರಬೇಡಿ, ಓಕೆ? ನೀನು ಕೇಳಿಸ್ಕೊಳ್ತಿದ್ರೆ ನಂಗೆ ಹೇಳೋಕಾಗಲ್ಲ" ಎಂದು ಎದ್ದು ಹೋದಳು.

ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಅವಳು ಮೇಲೆ ಕೋಟು, ಕೆಳಗೆ ಪೈಜಾಮ ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಳು. ನಾವಿಬ್ಬರೂ ಚಪ್ಪಲಿ ಮೆಟ್ಟಿ ಲಿಫ್ಟಿನಲ್ಲಿ ಇಳಿದೆವು. ಮೊದಲ ಎಲ್‌ಆರ್‌ಟಿ ಇನ್ನೂ ಹೊರಟಿರಲಿಲ್ಲ. ಎರಡು ಬ್ಲಾಕು ಆಚೆಯ ಕಾಫಿ ಅಂಗಡಿಯಲ್ಲಿ ಒಬ್ಬ ಅಂಕಲ್ ಆಗಲೇ ಬಾಗಿಲು ತೆಗೆದಿದ್ದರು. ಎರಡು 'ಕೊಪಿ', ಅಂದರೆ ಇಲ್ಲಿಯ ಕಾಫಿ, ತೆಗೆದುಕೊಂಡು ಕೂತೆವು. ನನ್ನ ಗಂಡ ಗಡಿಯಾರ ನೋಡುವುದು, ನಾನು ಫೋನು ನೋಡುವುದು. ಹನ್ನೊಂದನೆಯ ಮಹಡಿಯಲ್ಲಿ ನಮ್ಮ ಕಿಟಕಿಯ ಬೆಳಕು ಅಲ್ಲಿಗೆ ಕಾಣುತ್ತಿತ್ತು. ಅಲ್ಲಿ ನನ್ನ ಬಾಲ್ಯವನ್ನು ನನ್ನ ಮಗಳು ಯಾರಿಗೋ ಹೇಳುತ್ತಿದ್ದಳು, ನನಗೆ ಕೇಳಿಸಿಕೊಳ್ಳಲು ಅನುಮತಿಯಿರಲಿಲ್ಲ.

ಆರು ಗಂಟೆಗೆ ಮೇಲೆ ಹೋದೆವು. ಅವಳು ಕೋಟು ಬಿಚ್ಚಿ ನೀರು ಕುಡಿಯುತ್ತಿದ್ದಳು.

"ಹೇಗಾಯ್ತು?" ಎಂದರು ಅವಳ ತಂದೆ.

"ನೀನು ಬೆಳೆದ ಊರಲ್ಲಿ ಪ್ರತಿ ಮೂಲೆಗೂ ಕ್ಲಿನಿಕ್ ಇದೆ, ಹಳ್ಳಿ ಬಗ್ಗೆ ನಿಂಗೇನು ಗೊತ್ತು ಅಂತ ಕೇಳಿದ್ರು. ನಂಗೆ ಗೊತ್ತಿಲ್ಲ, ನನ್ನಮ್ಮಂಗೆ ಗೊತ್ತು ಅಂದೆ. ರಿಜಿಸ್ಟರ್ ಕಥೆ ಹೇಳಿದೆ." ಅವಳು ನನ್ನ ಕಡೆ ತಿರುಗಿದಳು, ಅಷ್ಟು ದಿನದಲ್ಲಿ ಮೊದಲ ಸಲ. "ಒಬ್ರು ಕೇಳಿದ್ರು, ಆ ಹುಡುಗಿ ಡಾಕ್ಟರ್ ಆದಳಾ ಅಂತ."

"ನೀನೇನಂದೆ?"

"ಇಲ್ಲ, ಸೀಟ್ ಸಿಗಲಿಲ್ಲ, ಟೀಚರ್ ಆದಳು ಅಂದೆ. ಇನ್ನೂ ಕೋಪ ಇದೆ ಅಂತಾನೂ ಹೇಳಿದೆ."

"ಯಾರಿಗೆ ಕೋಪ? ನಿಂಗಾ ನಂಗಾ?"

"ಇಬ್ರಿಗೂ ಲಾ" ಎಂದಳು. ಸ್ವಲ್ಪ ನಕ್ಕಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮೊದಲು ಕಾಯುವವರ ಪಟ್ಟಿಯಲ್ಲಿ ಹಾಕಿದರು. ಹೊಸ ವರ್ಷ ಕಳೆಯಿತು, ಯುಗಾದಿಯೂ ಕಳೆಯಿತು. ಒಂದು ಬೆಳಿಗ್ಗೆ ಸೀಟು ಕೊಟ್ಟಿದ್ದಾರೆಂದು ಬಂತು. ಅವಳು ಕಿರುಚಿದ್ದಕ್ಕೆ ಎದುರು ಮನೆಯ ಮಲಯ್ ಆಂಟಿ ಗಾಬರಿಯಾಗಿ ಓಡಿ ಬಂದರು. ನಾನು ಮಗಳನ್ನು ಅಪ್ಪಿಕೊಂಡೆ. ಖುಷಿ ಇತ್ತು, ನಿಜವಾಗಿ ಇತ್ತು. ಇನ್ನೊಂದೂ ಇತ್ತು. ಎರಡೂ ಒಂದೇ ಎದೆಯಲ್ಲಿ, ಒಂದನ್ನೊಂದು ತಳ್ಳದೆ ಕೂತಿದ್ದವು. ಸಂಜೆ ಡಾಕ್ಟರಿಗೆ ನಾನೇ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದೆ. ಅವರು ಭುಜ ಹೇಗಿದೆ ಎಂದು ಕೇಳಿದರು.

ಅವಳು ಹೋದ ಮೇಲೆ ಕೆಲವು ತಿಂಗಳು ಫೋನಿನಲ್ಲಿ ಕೇಳಿದ್ದೇ ಕೇಳಿದ್ದು. ಅಂಗರಚನೆಯ ಲ್ಯಾಬು, ಮೊದಲ ಸಲ ದೇಹ ಕೊಯ್ದದ್ದು, ವಾರಕ್ಕೊಮ್ಮೆ ಹಳ್ಳಿಯ ಕ್ಲಿನಿಕ್ಕಿಗೆ ಹೋಗುವುದು. ಆ ಕ್ಲಿನಿಕ್ಕಿಗೆ ಒಂದೂವರೆ ಗಂಟೆಯ ದಾರಿಯಂತೆ, ನಡುವೆ ಒಂದೇ ಪೆಟ್ರೋಲ್ ಬಂಕಂತೆ. ಕೆಲವು ದಿನ ಕೇಳಲು ಆಗುತ್ತಿರಲಿಲ್ಲ. ಆಗ "ಇವತ್ತು ಬೇಡ ಕಣೇ, ಉರೀತಿದೆ" ಎನ್ನುತ್ತಿದ್ದೆ. "ಆಸಿಡಿಟಿನಾ?" ಎಂದು ಕೇಳಿ ಅವಳು ಮಾತು ಬದಲಿಸುತ್ತಿದ್ದಳು.

ಡಿಸೆಂಬರ್ ರಜೆಗೆ ಬಂದಳು. ಬಂದ ಎರಡನೆಯ ದಿನ ತಂದೆಯನ್ನು ಹಾಲಿನಲ್ಲಿ ಚಾಪೆಯ ಮೇಲೆ ಬೋರಲು ಮಲಗಿಸಿದಳು. "ಹೋಮ್‌ವರ್ಕ್ ಅಪ್ಪ, ಅಲ್ಲಾಡಬೇಡ." ಅವರು ಮಲಗಿಕೊಂಡೇ ಫೋನಿನಲ್ಲಿ ಕ್ರಿಕೆಟ್ ನೋಡತೊಡಗಿದರು. ನಾನು ಸೋಫಾದಲ್ಲಿ ಕೂತು ನೋಡಿದೆ. ಅವಳ ಬೆರಳುಗಳು ಬೆನ್ನಿನ ಮೇಲೆ ಮೆಲ್ಲಗೆ ಇಳಿಯುತ್ತಿದ್ದವು. ಕಣ್ಣು ಮುಚ್ಚಿಕೊಂಡಿದ್ದಳು. ನಾಲ್ಕೇ ತಿಂಗಳಲ್ಲಿ ಆ ಕೈಗೆ ಏನೋ ತಿಳಿದಿತ್ತು. ಬೆನ್ನುಮೂಳೆಯ ಒಂದೊಂದರ ಹೆಸರೂ ನನಗೆ ನಿದ್ದೆಯಲ್ಲೂ ಗೊತ್ತು, ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಜೀವಂತ ಮನುಷ್ಯನ ಬೆನ್ನಿನ ಮೇಲೆ ಅವನ್ನು ಒಮ್ಮೆಯೂ ಹುಡುಕಿರಲಿಲ್ಲ. ಆ ಕ್ಷಣದಲ್ಲಿ ಉರಿದಷ್ಟು ನನ್ನ ಹೊಟ್ಟೆ ಆ ಭಾನುವಾರವೂ ಉರಿದಿರಲಿಲ್ಲ.

"ನಂಗೂ ತೋರಿಸು" ಎಂದೆ.

ಅವಳು ಕಣ್ಣು ಬಿಟ್ಟಳು. ಜರುಗಿ ಜಾಗ ಕೊಟ್ಟಳು. ನಾನು ಮೊಣಕಾಲೂರಿ ಕೂತೆ. ಅವಳು ನನ್ನ ತೋರುಬೆರಳು ಹಿಡಿದು ಅವಳ ತಂದೆಯ ಕತ್ತಿನ ಬುಡದಲ್ಲಿಟ್ಟಳು.

"ಇಲ್ಲಿ ಎದ್ದು ಬರುತ್ತಲ್ಲ, ಅದು—"

"ಏಳನೇದು. ಸರ್ವೈಕಲ್" ಎಂದೆ.

"ಹೇಳಬೇಡ ಅಮ್ಮ. ಮುಟ್ಟು. ಈಗ ಕೆಳಗಿನದಕ್ಕೆ ಹೋಗು. ಒತ್ತಬೇಡ."

ಹೋದೆ. ಚರ್ಮದ ಕೆಳಗೆ ಅದು ಇತ್ತು. ಚಿತ್ರದಲ್ಲಿ ಇರುವಷ್ಟು ಚೂಪಾಗಿರಲಿಲ್ಲ, ಬೆಚ್ಚಗಿತ್ತು. ಉಸಿರಿನ ಜೊತೆ ಒಂದಿಷ್ಟು ಏಳುತ್ತಿತ್ತು.

"ನಿಮ್ಮಿಬ್ಬರ ಕೈಯೂ ಐಸ್ ಥರ ಇದೆ" ಎಂದರು ನನ್ನ ಗಂಡ, ಕ್ರಿಕೆಟ್ ನೋಡುತ್ತಲೇ.

"ಸುಮ್ನಿರ‍್ರೀ" ಎಂದು ನಾನು ಅದರ ಕೆಳಗಿನ ಮೂಳೆಗೆ ಇಳಿದೆ.